ನಾಲ್ಕು ಹೆಣ್ಣುಮರಿಗಳು

10 ನವೆಂಬರ್ 2024, ಭಾನುವಾರ
ಕುವೆಂಪುನಗರ, ಮೈಸೂರು

ಬೆಳಿಗ್ಗೆ ಮೇಷ್ಟ್ರು ಬಂದಿದ್ದರು. ನಾನು ಬೀದಿಯಿಂದ ತಂದ ನಾಯಿ ಗೌರಿಯ ಮರಿಗಳಿಗೆ ಐದು ವಾರ ತುಂಬಿದೆಯೆಂದು ಅವರಿಗೆ ಯಾರು ಹೇಳಿದರೋ, ಹಳೆಯ ಟವೆಲ್ಲೊಂದನ್ನು ಚೀಲದಲ್ಲಿಟ್ಟುಕೊಂಡು, ಇವತ್ತೇ ಒಂದನ್ನು ಮನೆಗೆ ಒಯ್ಯುವ ಸಿದ್ಧತೆಯಲ್ಲಿದ್ದರು. ಬಿಳಿ ಪಾದದ ಮರಿಯನ್ನು ಎತ್ತಿಕೊಂಡರು. ಅದು ಗಡಿಯಾರದ ಪಟ್ಟಿಯನ್ನು ಕಚ್ಚತೊಡಗಿದಾಗ ಬಾಯ್ತುಂಬ ನಕ್ಕರು. ಆಮೇಲೆ ಅದರ ಹೊಟ್ಟೆ ತಿರುಗಿಸಿ ನೋಡಿ, ಮೆಲ್ಲಗೆ ಕೆಳಗಿಟ್ಟರು.

“ಇದು ಹೆಣ್ಣಲ್ಲವೇನಮ್ಮ? ಗಂಡು ಯಾವುದಿದೆ, ತೋರಿಸು.”

“ಗಂಡು ಎರಡೇ ಮೇಷ್ಟ್ರೇ. ಕಣ್ಣು ಬಿಡುವ ಮುಂಚೆಯೇ ಎರಡನ್ನೂ ಕೇಳಿಟ್ಟಿದ್ದಾರೆ. ಉಳಿದ ನಾಲ್ಕೂ ಹೆಣ್ಣು.”

“ಹೆಣ್ಣಾದರೆ ಕಷ್ಟವಮ್ಮ. ಬೆದೆಗೆ ಬಂದರೆ ಬೀದಿಯ ನಾಯಿಗಳೆಲ್ಲ ಗೇಟಿನ ಮುಂದೆ ನಿಲ್ಲುತ್ತವೆ. ಮರಿ ಹಾಕಿದರೆ ಈ ವಯಸ್ಸಿನಲ್ಲಿ ನಾವಿಬ್ಬರು ಎಲ್ಲಿ ನೋಡಿಕೊಳ್ಳೋಣ?”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಆರು ತಿಂಗಳ ಸುಮಾರಿಗೆ, ಮೊದಲ ಬೆದೆಗೆ ಮುಂಚೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಆ ಭಯವೇ ಇರುವುದಿಲ್ಲ, ಮುಂದೆ ಸ್ತನದಲ್ಲಿ ಗೆಡ್ಡೆಯಾಗುವ ಅಪಾಯವೂ ಬಹುಮಟ್ಟಿಗೆ ತಪ್ಪುತ್ತದೆ, ಅದರ ಖರ್ಚು ಓಡಾಟ ಎಲ್ಲವೂ ನನ್ನದೇ ಎಂದೆ. ಎಂಟು ವಾರ ತುಂಬುವವರೆಗೆ ಯಾವ ಮರಿಯನ್ನೂ ಕೊಡುವುದಿಲ್ಲವೆಂದೂ ಹೇಳಬೇಕಾಯಿತು. ಹಲ್ಲು ಎಷ್ಟು ಊರಿದರೆ ನೋವಾಗುತ್ತದೆಂಬುದನ್ನು ಮರಿ ಈಗ ಒಡಹುಟ್ಟಿದವುಗಳ ಜೊತೆ ಕಚ್ಚಾಡಿಯೇ ಕಲಿಯಬೇಕು. ಮರಿಗಳನ್ನು ಕೊಲ್ಲುವ ವಾಂತಿಭೇದಿಯ ಕಾಯಿಲೆ ಪಾರ್ವೊ, ಅದರ ಲಸಿಕೆಯೂ ಇನ್ನೂ ಬಿದ್ದಿಲ್ಲ. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಹೊರಟರು. ಟವೆಲ್ಲನ್ನು ಮಾತ್ರ ಇಲ್ಲಿಯೇ ಬಿಟ್ಟುಹೋದರು. ಅಷ್ಟಕ್ಕೇ ನನಗೆ ಆಸೆ ಹುಟ್ಟಿದೆ.

ಅವರ ಮೇಲೆ ನನಗೆ ಕೋಪವಿಲ್ಲ. ಕೋಪವಿರುವುದು, ಕಣ್ಣು ಬಿಡದ ಹೆಣ್ಣುಮರಿಗಳನ್ನಷ್ಟೇ ಆರಿಸಿ, ಗೋಣಿಚೀಲದಲ್ಲಿ ತುಂಬಿ, ರಿಂಗ್ ರಸ್ತೆಯಾಚೆ ಸುರಿದು ಬರುವವರ ಮೇಲೆ. ಮೊದಲ ಎರಡು ಮೂರು ವಾರ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ, ತಾಯಿ ನೆಕ್ಕದಿದ್ದರೆ ಮೂತ್ರವೂ ಬರುವುದಿಲ್ಲ. ಯಾರಾದರೂ ಎತ್ತಿಕೊಳ್ಳುತ್ತಾರೆಂಬ ಮಾತು ಅಂಥವುಗಳ ವಿಷಯದಲ್ಲಿ ಸುಳ್ಳು ಸಮಾಧಾನ.

ಗೌರಿ ಈಗ ಮಲಗಿ ಹಾಲೂಡಿಸುವುದನ್ನು ಬಿಟ್ಟಿದ್ದಾಳೆ. ನಿಂತೇ ಇರುತ್ತಾಳೆ, ಆರೂ ಹಿಂಗಾಲ ಮೇಲೆ ನಿಂತು ಜೋತುಬೀಳುತ್ತವೆ, ಹಲ್ಲು ತಾಗಿದೊಡನೆ ಗುರ್ ಎಂದು ನಡೆದುಬಿಡುತ್ತಾಳೆ. ಅನ್ನ, ಬೇಯಿಸಿದ ಕೋಳಿಮಾಂಸ ಕಲಸಿಟ್ಟರೆ ಮರಿಗಳು ತಟ್ಟೆಯೊಳಗೇ ಇಳಿಯುತ್ತವೆ. ಬಿಳಿ ಪಾದದವಳು ಇವತ್ತು ಅಡುಗೆಮನೆಯ ತಕ್ಕಡಿಯ ಮೇಲೆ ಕೂತು ಅಲುಗಾಡದೆ ತೂಗಿಸಿಕೊಂಡಳು!

ದೀಪಾವಳಿಯ ರಾತ್ರಿ ಇದನ್ನೆಲ್ಲ ನೋಡುತ್ತೇನೆಂಬ ಧೈರ್ಯವಿರಲಿಲ್ಲ. ಗೌರಿ ನಡುಗತೊಡಗಿದಾಗ ಪಟಾಕಿಗೆ ಹೆದರಿದ್ದಾಳೆಂದೇ ಎಲ್ಲರೂ ಅಂದರು. ಆದರೆ ಕಾಲುಗಳು ಕಟ್ಟಿಗೆಯ ಹಾಗೆ ಸೆಟೆದಿದ್ದವು, ಮೈ ಕಾದಿತ್ತು, ಮರಿಗಳು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಆರು ಮರಿಗಳ ಹಾಲಿಗೆ ರಕ್ತದ ಕ್ಯಾಲ್ಸಿಯಂ ಬಸಿದುಹೋಗಿತ್ತು. ಡಾಕ್ಟರು ಎದೆಬಡಿತ ಕೇಳುತ್ತಲೇ ನರಕ್ಕೆ ನಿಧಾನವಾಗಿ ಔಷಧಿ ಏರಿಸಿದರು. ಸೂಜಿ ತೆಗೆಯುವ ಹೊತ್ತಿಗೆ ಅವಳು ಬಾಗಿಲ ಕಡೆ ಕತ್ತೆತ್ತಿ ಮರಿಗಳನ್ನು ಹುಡುಕುತ್ತಿದ್ದಳು.

ಅಂಥವಳನ್ನು ಯಾರೂ ಕೇಳುತ್ತಿಲ್ಲ. ಬಂದವರೆಲ್ಲ ಮರಿಗಳನ್ನು ನೋಡುತ್ತಾರೆ, ಅವಳ ಜೋತುಬಿದ್ದ ಮೊಲೆಗಳನ್ನು ನೋಡಿ ಮುಖ ತಿರುಗಿಸುತ್ತಾರೆ. ಹಾಲು ಪೂರ್ತಿ ಬತ್ತಿದ ಮೇಲೆ ಅವಳಿಗೂ ಶಸ್ತ್ರಚಿಕಿತ್ಸೆಯಾಗಬೇಕು, ರೇಬಿಸ್ ಲಸಿಕೆ ಹಾಕಿಸಬೇಕು. ಆಮೇಲೆ, 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕು. ಹಾಗೆ ನೋಡಿದರೆ ಇವಳ ಜಾಗ ಆ ಹಾಲಿನ ಬೂತಿನ ಪಕ್ಕದ ಮೂಲೆಯೇ. ಬೂತಿನವರು ಇವಳಿಗೆ ದಿನವೂ ಬನ್ನು ಹಾಕುತ್ತಿದ್ದವರು, ಬೇಡವೆನ್ನಲಾರರು. ಆದರೆ ಎದುರುಮನೆಯವರು ಬಸುರಿಯೆಂದೂ ನೋಡದೆ ಕಲ್ಲೆಸೆದದ್ದನ್ನು ಕಂಡೇ ನಾನು ಅವಳನ್ನು ಇಲ್ಲಿಗೆ ತಂದದ್ದು. ಮೇಷ್ಟ್ರ ಮನೆಗೆ ಮರಿಯ ಬದಲು ಇವಳನ್ನೇ ಕೊಟ್ಟರೆ, ಗೇಟಿನ ಮುಂದೆ ಗಂಡುನಾಯಿಗಳ ಚಿಂತೆಯೂ ಇರುವುದಿಲ್ಲ, ಮರಿಯ ಚೇಷ್ಟೆಯೂ ಇಲ್ಲ. ಅವರ ಮನೆಯಾಕೆಗೆ ಮೊದಲು ಹೇಳಿ ನೋಡಲೇ?