ನಾರ್ತ್ರಪ್ ವೇದಿಕೆಯಲ್ಲಿ ದಿಮಿತ್ರಿ ಮಿತ್ರೋಪುಲೊಸ್

ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಓದಿದವರಿಗೆಲ್ಲ ನಾರ್ತ್ರಪ್ ಸಭಾಂಗಣ ಗೊತ್ತು. 2014ರಲ್ಲಿ ಒಳಭಾಗವನ್ನು ಹೊಸದಾಗಿ ಕಟ್ಟಿದ ಮೇಲೆ ಅಲ್ಲಿ ಸುಮಾರು 2,700 ಆಸನಗಳಿವೆ. 1929ರಲ್ಲಿ ತೆರೆದಾಗ 4,800ರಷ್ಟಿದ್ದವು. ಆ ವಿಶಾಲ ಸಭಾಂಗಣದಲ್ಲಿ 1937ರಿಂದ 1949ರವರೆಗೆ ಮಿನಿಯಾಪೊಲಿಸ್ ಸಿಂಫನಿ ಆರ್ಕೆಸ್ಟ್ರಾವನ್ನು (ದೊಡ್ಡ ವಾದ್ಯವೃಂದ) ಮುಂದೆ ನಿಂತು ಸನ್ನೆಗಳಿಂದ ನಡೆಸಿದವರು ಅಥೆನ್ಸಿನ ದಿಮಿತ್ರಿ ಮಿತ್ರೋಪುಲೊಸ್. ಊರಿಗೇ ದೊಡ್ಡ ಸಂಗೀತಗಾರರಾಗಿದ್ದೂ ಅವರು ವಾಸವಿದ್ದದ್ದು ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದ ಸಾದಾ ಕೋಣೆಯಲ್ಲಿ. ಹಳೆಯ ವಿದ್ಯಾರ್ಥಿಗಳ ನೆನಪಿನ ಪುಟದಲ್ಲಿ ಅವರಿಗೂ ಜಾಗ ಸಲ್ಲಬೇಕು.

ಹುಟ್ಟಿದ್ದು 1896ರಲ್ಲಿ. ಅಥೆನ್ಸ್ ಕನ್ಸರ್ವೇಟರಿಯಲ್ಲಿ ಪಿಯಾನೊ ಮತ್ತು ಸಂಗೀತ ರಚನೆ ಕಲಿತರು. ಬೆಲ್ಜಿಯಂನ ನಾಟಕಕಾರ ಮೇಟರ್‌ಲಿಂಕ್‌ನ ನಾಟಕವೊಂದನ್ನು ಆಧರಿಸಿ ಅವರು ಬರೆದ ಒಪೆರಾ (ಹಾಡುನಾಟಕ) 1920ರಲ್ಲಿ ಅಲ್ಲೇ ರಂಗಕ್ಕೆ ಬಂತು. ಆಮೇಲೆ ಬ್ರಸೆಲ್ಸ್, ಬರ್ಲಿನ್. ಬರ್ಲಿನ್‌ನಲ್ಲಿ ಸಂಗೀತ ರಚನಕಾರ ಬುಸೋನಿಯ ಒಡನಾಟ ಸಿಕ್ಕಿತು, ಸರ್ಕಾರಿ ಒಪೆರಾದಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ಎರಿಕ್ ಕ್ಲೈಬರ್ ಕೈಕೆಳಗೆ ಸಹಾಯಕನ ಕೆಲಸವೂ ಸಿಕ್ಕಿತು. 1924ರಲ್ಲಿ ಅಥೆನ್ಸಿಗೆ ಮರಳಿದ ಮೇಲೆ ರಚನೆ ಹಿಂದೆ ಸರಿದು ಆರ್ಕೆಸ್ಟ್ರಾ ಮುಂದೆ ಬಂತು.

ಯುರೋಪಿನ ಕಣ್ಣು ಅವರ ಮೇಲೆ ಬಿದ್ದದ್ದು 1930ರಲ್ಲಿ, ಬರ್ಲಿನ್ ಫಿಲ್‌ಹಾರ್ಮೋನಿಕ್ ಕಛೇರಿಯಲ್ಲಿ. ಪ್ರೊಕೋಫಿಯೆವ್‌ನ ಮೂರನೇ ಪಿಯಾನೊ ಕನ್ಚರ್ಟೊ (ಒಂಟಿ ವಾದ್ಯ ಆರ್ಕೆಸ್ಟ್ರಾ ಜೊತೆ ನುಡಿಯುವ ಕೃತಿ) ನುಡಿಸಬೇಕಿದ್ದ ಎಗೊನ್ ಪೆಟ್ರಿಗೆ ಬರಲಾಗಲಿಲ್ಲ. ಮಿತ್ರೋಪುಲೊಸ್ ತಾವೇ ಪಿಯಾನೊ ನುಡಿಸುತ್ತ ಆರ್ಕೆಸ್ಟ್ರಾವನ್ನೂ ನಡೆಸಿದರು. ಇದರ ಕಷ್ಟ ಎಲ್ಲಿದೆ ಎಂದರೆ, ಮೊಜಾರ್ಟ್‌ನ ಕನ್ಚರ್ಟೊಗಳಲ್ಲಿ ಪಿಯಾನೊ ಸುಮ್ಮನಿರುವ ಉದ್ದುದ್ದ ಭಾಗಗಳಲ್ಲಿ ಕೈ ಖಾಲಿ ಇರುತ್ತದೆ, ತಾಳ ತೋರಿಸಬಹುದು. ಪ್ರೊಕೋಫಿಯೆವ್‌ನಲ್ಲಿ ಆ ಬಿಡುವು ತೀರಾ ಕಡಿಮೆ. ಮೊದಲು ಒಂಟಿ ಕ್ಲಾರಿನೆಟ್ ನಿಧಾನವಾಗಿ ಹಾಡುತ್ತದೆ. ಥಟ್ಟನೆ ಪಿಟೀಲುಗಳು ವೇಗವಾಗಿ ಓಡತೊಡಗುತ್ತವೆ. ಆ ಓಟದ ನಡುವೆಯೇ ಪಿಯಾನೊ ಧುಮುಕಬೇಕು. ಎರಡು ಕೈಯೂ ಕೀಲಿಗಳ ಮೇಲಿರುವಾಗ ತಲೆ, ಭುಜ, ಉಸಿರು, ಇಷ್ಟರಲ್ಲೇ ಎಲ್ಲರಿಗೂ ಸನ್ನೆ ಮುಟ್ಟಬೇಕು. ಒಂದು ಸನ್ನೆ ಅರ್ಧ ಕ್ಷಣ ತಡವಾದರೂ ಪಿಟೀಲು ಒಂದೆಡೆ, ಪಿಯಾನೊ ಇನ್ನೊಂದೆಡೆ.

ಅಮೆರಿಕಕ್ಕೆ ಅವರನ್ನು ಮೊದಲು ಕರೆಸಿಕೊಂಡದ್ದು ಬಾಸ್ಟನ್ ಸಿಂಫನಿಯ ನಿರ್ದೇಶಕ ಕುಸೆವಿಟ್ಸ್ಕಿ, 1936ರಲ್ಲಿ. ಮರುವರ್ಷವೇ ಮಿನಿಯಾಪೊಲಿಸ್.

ಮಿತ್ರೋಪುಲೊಸ್ ಕೈಯಲ್ಲಿ ತಾಳ ತೋರಿಸುವ ಕೋಲು ಹಿಡಿಯುತ್ತಿರಲಿಲ್ಲ, ಎದುರಿಗೆ ಸ್ವರಲಿಪಿಯ ಪುಸ್ತಕ ಇಡುತ್ತಿರಲಿಲ್ಲ. ಕಛೇರಿಯಲ್ಲಷ್ಟೇ ಅಲ್ಲ, ಅಭ್ಯಾಸದಲ್ಲೂ ಇಲ್ಲ. ದೊಡ್ಡ ಸಿಂಫನಿಯ ಒಂದು ಪುಟದಲ್ಲಿ ಬೇರೆ ಬೇರೆ ವಾದ್ಯಗಳ ಇಪ್ಪತ್ತಕ್ಕೂ ಹೆಚ್ಚು ಸಾಲುಗಳು ಒಟ್ಟಿಗೆ ಓಡುತ್ತವೆ. ಅದರಲ್ಲೂ ಎಫ್ ಹಾರ್ನ್ ಎಂಬ ಕೊಂಬುವಾದ್ಯದ ಸ್ವರಗಳನ್ನು ಕೇಳುವುದಕ್ಕಿಂತ ಒಂದು ಪಂಚಮದಷ್ಟು, ಅಂದರೆ 'ಸ'ದಿಂದ 'ಪ'ಕ್ಕೆ ಇರುವಷ್ಟು, ಮೇಲೆ ಬರೆದಿರುತ್ತಾರೆ. ಇದೆಲ್ಲವನ್ನೂ, ಅಭ್ಯಾಸಕ್ಕೆಂದು ಪುಟಗಳ ಮೇಲೆ ಹಾಕಿದ ಗುರುತು ಸಂಖ್ಯೆಗಳ ಸಮೇತ, ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಲಾಭ ಸ್ಪಷ್ಟ: ಕಣ್ಣು ಒಮ್ಮೆಯೂ ಪುಟಕ್ಕೆ ಇಳಿಯದು. ನಲವತ್ತು ಅಳತೆ (ತಾಳದ ಸುತ್ತು) ಮೌನವಾಗಿ ಎಣಿಸುತ್ತ ಕೂತ ವಾದಕ ಎಣಿಕೆ ತಪ್ಪಿದರೆ ಅದು ಮುಖದಲ್ಲೇ ಕಾಣುತ್ತದೆ, ಆಗಲೇ ಅವನನ್ನು ಒಳಗೆ ಕರೆಯಬಹುದು.

ಕೋಲಿಲ್ಲದ್ದಕ್ಕೆ ಬೆಲೆಯೂ ಇತ್ತು. ಕೋಲಿನ ತುದಿ ಮಣಿಕಟ್ಟಿನ ಸಣ್ಣ ಚಲನೆಯನ್ನು ಹಿಗ್ಗಿಸಿ ಹಿಂದಿನ ಸಾಲಿನವರಿಗೂ ತಾಳದ ಪೆಟ್ಟು ಬೀಳುವ ಬಿಂದು ಯಾವುದೆಂದು ತೋರಿಸುತ್ತದೆ. ಬರಿಗೈ ಸಂಗೀತದ ಆಕಾರ ತೋರಿಸಬಲ್ಲದು. ಆ ಬಿಂದುವನ್ನು ಅಷ್ಟು ಖಚಿತವಾಗಿ ತೋರಿಸಲಾರದು. ವರ್ಷಗಟ್ಟಲೆ ಜೊತೆಗಿದ್ದ ಮಿನಿಯಾಪೊಲಿಸ್‌ನವರು ಅವರ ಮೈಯ ಭಾಷೆ ಕಲಿತಿದ್ದರು. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಬೇರೆಯೇ ಜಗತ್ತು. 1951ರಿಂದ ಅವರು ಅದರ ಸಂಗೀತ ನಿರ್ದೇಶಕರು. 1956ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಹವರ್ಡ್ ಟೌಬ್‌ಮನ್ ವಾದನದ ಬಿಗಿ ಸಡಿಲವಾಗಿದೆಯೆಂದು ಕಟುವಾಗಿ ಬರೆದರು. 1958ರಲ್ಲಿ ಜವಾಬ್ದಾರಿ ಬರ್ನ್‌ಸ್ಟೈನ್‌ಗೆ ಹೋಯಿತು. ಟೀಕೆಯಲ್ಲಿ ಸತ್ಯವಿಲ್ಲವೆನ್ನಲಾಗದು, ಕೆಲವು ಧ್ವನಿಮುದ್ರಣಗಳಲ್ಲಿ ಆರಂಭದ ಸ್ವರಗಳು ಚೂರಾಗಿಯೇ ಬೀಳುತ್ತವೆ. ಆದರೆ ಬೆರ್ಗ್‌ನ 'ವೊಟ್ಸೆಕ್' ಒಪೆರಾವನ್ನು 1951ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಪೂರ್ತಿ ಕೇಳಿಸಿದವರೂ, ಶೊಸ್ಟಕೊವಿಚ್‌ನ ಮೊದಲ ಪಿಟೀಲು ಕನ್ಚರ್ಟೊವನ್ನು 1955ರ ಕೊನೆಗೆ ಪಿಟೀಲು ವಾದಕ ಓಯ್‌ಸ್ಟ್ರಾಖ್ ಜೊತೆ ಅಮೆರಿಕಕ್ಕೆ ಮೊದಲು ಪರಿಚಯಿಸಿದವರೂ ಇವರೇ. ಅದನ್ನೂ ತಕ್ಕಡಿಗೆ ಹಾಕಿ ತೂಗಬೇಕು.

1960ರ ನವೆಂಬರ್ 2ರಂದು ಮಿಲಾನ್‌ನ ಲಾ ಸ್ಕಾಲಾದಲ್ಲಿ ಮಾಲರ್‌ನ ಮೂರನೇ ಸಿಂಫನಿಯ ಅಭ್ಯಾಸ ನಡೆಸುತ್ತಿದ್ದಾಗಲೇ ಕುಸಿದುಬಿದ್ದು ತೀರಿಕೊಂಡರು. ವಯಸ್ಸು 64.

ಅವರನ್ನು ಕೇಳಬೇಕೆನ್ನುವವರು 1940ರ ನವೆಂಬರ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ಮುದ್ರಿಸಿದ ಮಾಲರ್‌ನ ಮೊದಲ ಸಿಂಫನಿಯಿಂದ ಶುರುಮಾಡಲಿ. ಆ ಕೃತಿಯ ಮೊಟ್ಟಮೊದಲ ಧ್ವನಿಮುದ್ರಣ ಅದು. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷ ಹಿಡಿಸಿದರೆ ಹೆಚ್ಚು, ಹಾಗಾಗಿ ಸಂಗೀತವನ್ನು ತುಂಡು ತುಂಡಾಗಿ ನುಡಿಸಬೇಕಿತ್ತು, ಪ್ರತಿ ತುಂಡೂ ಹಿಂದಿನದರ ವೇಗದಲ್ಲೇ ಎದ್ದೇಳಬೇಕಿತ್ತು. ಆರಂಭದಲ್ಲಿ ಪಿಟೀಲು ಬಳಗ ಏಳು ಸ್ಥಾಯಿಗಳಲ್ಲಿ ಹರಡಿ ಹಿಡಿಯುವ ಒಂದೇ ಒಂದು 'ಎ' ಸ್ವರ ಬಹಳ ಮೆಲ್ಲಗಿದೆ. ತಟ್ಟೆಯ ಸರಸರ ಸದ್ದಿನಲ್ಲಿ ಅದು ಮುಳುಗಿದಂತೆ ಅನ್ನಿಸುತ್ತದೆ. ಧ್ವನಿ ಹೆಚ್ಚಿಸಬೇಡಿ. ಕಿವಿ ಒಗ್ಗುವವರೆಗೆ ಕಾಯಿರಿ, ಸ್ವರ ಸದ್ದಿನ ಹಿಂದೆಯೇ ಇದೆ.