ಅವ್ವನ ಹೆಬ್ಬೆರಳು

"ಅಜ್ಜಿ, ನಿನ್ನ ಹೆಬ್ಬೆರಳು ಪಕ್ಕದ ಬೆರಳಿನ ಕಿವಿಯಲ್ಲಿ ಗುಟ್ಟು ಹೇಳ್ತಿದೆ!" ವಿಡಿಯೋ ಕಾಲ್‌ನಲ್ಲಿ ಮಗಳು ಹೀಗೆಂದಿದ್ದೇ ತಡ, ಅತ್ತ ಹುಬ್ಬಳ್ಳಿಯಲ್ಲಿ ಅವ್ವ ಸೀರೆ ಅಂಚು ಎಳೆದು ಕಾಲು ಮುಚ್ಚಿಕೊಂಡಳು. ನಕ್ಕಳು, ನಿಜ. ನನಗೆ ಮಾತ್ರ ಚುರ್ ಅಂತು.

ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆಗೂ ಇದೇ ತೊಂದರೆ ಇತ್ತು. ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ವಾಲುತ್ತದೆ, ಅದರ ಬುಡದ ಎಲುಬು ಹೊರಗೆ ಉಬ್ಬುತ್ತದೆ. ಬನಿಯನ್ ಅಂತಾರೆ. ಆಕೆ ಆಪರೇಷನ್ ಮಾಡಿಸಿಕೊಂಡು, ಸಾಕ್ಸ್ ಕಳಚಿ, ಬೇಲಿಯಾಚೆಯಿಂದಲೇ ಕಾಲೆತ್ತಿ ತೋರಿಸಿದ್ದರು! ಉದ್ದ ಹೊಲಿಗೆ ಏನಿಲ್ಲ. ಕೆಲವೇ ಮಿಲಿಮೀಟರಿನ ಗುರುತುಗಳು. ಆ ತೂತುಗಳಿಂದಲೇ ಸಣ್ಣ ಡ್ರಿಲ್‌ನಂಥದ್ದನ್ನು ಒಳಗೆ ಬಿಟ್ಟು, ಎಕ್ಸ್‌ರೇ ಪರದೆ ನೋಡುತ್ತಾ ಎಲುಬು ಕತ್ತರಿಸಿ, ಸರಿಸಿ, ಸ್ಕ್ರೂ ಬಿಗಿಯುತ್ತಾರಂತೆ. ಗಟ್ಟಿ ಅಡಿಯ ಬೂಟು ಹಾಕಿಕೊಂಡು ಬೇಗನೆ ಓಡಾಡತೊಡಗಿದರು. ಆದರೆ ಎಲುಬು ಕೂಡಲು ಸುಮಾರು 6 ವಾರ ಬೇಕೇ ಬೇಕು. ಬಾವು ತಿಂಗಳುಗಟ್ಟಲೆ ಇರುತ್ತದೆ. ಗಾಯ ಸಣ್ಣದು, ಒಳಗಿನ ಕೆಲಸ ದೊಡ್ಡದೇ. ಚಂದ ಕಾಣಲಿ ಅಂತ ಸರ್ಕಾರಿ ಖರ್ಚಿನಲ್ಲಿ ಇಲ್ಲಿ ಮಾಡುವುದಿಲ್ಲ, ನೋವಿದ್ದರೆ ಮಾತ್ರ. ಸರದಿ ಕಾಯುತ್ತಾ ಆಕೆ ಬೈದದ್ದು ಬೇರೆ ಕತೆ ಬಿಡಿ.

ಅವ್ವನಿಗೆ ನೋವು ಇರಲಿಲ್ಲವೇ? ದುರ್ಗದಬೈಲಿನಲ್ಲಿ ತಂದ ಹೊಸ ಚಪ್ಪಲಿಯ ಪಟ್ಟಿಯನ್ನು ಬ್ಲೇಡಿನಿಂದ ಸೀಳಿ ಕೊಡುವುದು ಚಿಕ್ಕಂದಿನಲ್ಲಿ ನನ್ನ ಕೆಲಸವಾಗಿತ್ತು. ಒತ್ತುವ ಬೆರಳಿಗೂ ಕಾಲುಂಗುರಕ್ಕೂ ನಡುವೆ ಚರ್ಮ ಕಪ್ಪಗಾಗಿ ಸುಲಿದಿರುತ್ತಿತ್ತು. ಅಲ್ಲಿಗೆ ಕೊಬ್ಬರಿ ಎಣ್ಣೆ ಹಚ್ಚುವಳು. "ತೆಗೀಬಾರದೇನವ್ವಾ?" ಅಂದರೆ, "ಮಂದಿ ಏನಂದಾರು?" ಅಜ್ಜಿಯ ಕಾಲೂ ಹೀಗೇ ಇತ್ತು. "ನಮ್ಮ ಮನಿ ಕಾಲ ಹಂಗ" ಅನ್ನುತ್ತಿದ್ದಳು. ಅದು ಸುಳ್ಳಲ್ಲ, ಈ ತೊಂದರೆ ಮನೆತನದಲ್ಲಿ ಬರುತ್ತದೆ, ಹೆಂಗಸರಲ್ಲಿ ಜಾಸ್ತಿ. ಆದರೆ ಅಪ್ಪನ ಮೊಣಕಾಲು ಹಿಡಿದುಕೊಂಡಾಗ ಧಾರವಾಡದ ಡಾಕ್ಟರ ತನಕ ಓಡಾಟ ನಡೆದಿತ್ತು. ಅವ್ವನ ಬೆರಳಿಗಾಗಿ ಯಾರೂ ಒಂದು ಆಟೋ ಕೂಡ ಹತ್ತಲಿಲ್ಲ. ಅವಳೂ ಕೇಳಲಿಲ್ಲ, ನಾವೂ ಸುಮ್ನಿದ್ದೆವು.

ಮೊನ್ನೆ ಆಪರೇಷನ್ ಮಾತೆತ್ತಿದೆ. "ಆರು ವಾರ ಕುಂತರ ರೊಟ್ಟಿ ಯಾರು ಬಡೀತಾರ?" ಮೊದಲ ಪ್ರಶ್ನೆಯೇ ಅದು. ಸದ್ಯಕ್ಕೆ ಎಕ್ಸ್‌ರೇ ಅಷ್ಟೇ ತೆಗೆಸು ಅಂದೆ, ಅದೂ ನಿಂತುಕೊಂಡು. ಮೈಭಾರ ಬಿದ್ದಾಗಲೇ ವಾಲಿದ್ದು ಎಷ್ಟು ಅಂತ ಸರಿಯಾಗಿ ತಿಳಿಯೋದು. ಅಗಲ ಚಪ್ಪಲಿಯಲ್ಲೇ ಆರಾಮಾದರೆ ಕತ್ತರಿಯ ಮಾತೇ ಬೇಡ.

ಅವ್ವ ಸ್ವಲ್ಪ ಯೋಚಿಸಿದಳು. "ಆ ಬಾಜೂ ಮನಿ ಬಾಯಿಗೆ ಒಂದ ಮಾತ ಕೇಳು. ಮಳಿ ಹಿಡದಾಗ ಒಳಗಿನ ಸ್ಕ್ರೂ ಜುಮ್ ಅಂತಾವೇನಂತ."

ಲೀಡ್ಸ್‌ನಲ್ಲಿ ಮಳೆಗೇನು ಬರ? ನಾಳೆಯೇ ಕೇಳುತ್ತೇನೆ.