ದುಬೈಗೆ ಹೊರಟ ಅಪ್ಪ, ಅಮ್ಮನ ಮಾತ್ರೆಗಳು

ದುಬೈನಲ್ಲಿರುವ ತಮ್ಮನ ಮನೆಗೆ ಅಪ್ಪ, ಅಮ್ಮನನ್ನು ಬೆಂಗಳೂರಿನಿಂದ ಕರೆದುಕೊಂಡು ಹೋಗಿದ್ದೆ. ವೀಸಾ, ಟಿಕೆಟ್ ಎಲ್ಲ ಬೇಗ ಮುಗಿಯಿತು. ಹೆಚ್ಚು ಓಡಾಟ ಬೇಕಾಗಿದ್ದು ಮಾತ್ರೆಗಳಿಗೆ. ಅಪ್ಪನಿಗೆ ಶುಗರ್ ಇದೆ, ಮಂಡಿ ನೋವಿದೆ. ಅಮ್ಮನಿಗೆ ಬಿ.ಪಿ. ಮತ್ತು ಥೈರಾಯ್ಡ್. ನಮ್ಮಲ್ಲಿ ಎಷ್ಟೋ ಮನೆಗಳ ಕತೆ ಇದೇ ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಎಷ್ಟು ಮಾತ್ರೆ ಒಯ್ಯಬಹುದು ಅಂತ. ಅದಕ್ಕಿಂತ ಮುಂಚೆ ಯಾವ ಮಾತ್ರೆ ಅಂತ ನೋಡಬೇಕು. ಶೀಟಿನ ಮೇಲೆ ದಪ್ಪ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿನ ಔಷಧಿಯ ಹೆಸರಿರುತ್ತದೆ. ಬೇರೆ ದೇಶದವರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದನ್ನೇ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್, ಥೈರಾಕ್ಸಿನ್ ಇದ್ದರೆ ಚಿಂತೆ ಇಲ್ಲ. ಡಾಕ್ಟರ್ ಚೀಟಿ ಜೊತೆಗಿದ್ದರೆ ಸಾಕು. ಆದರೆ ಟ್ರಮಡಾಲ್, ಕೊಡೀನ್, ಆತಂಕ, ನಿದ್ದೆಗೆ ಕೊಡುವ ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್ ಇವೆಲ್ಲ ಯು.ಎ.ಇ.ಯಲ್ಲಿ ನಿಯಂತ್ರಿತ ಔಷಧಿಗಳು. ಮೊದಲೇ ಅನುಮತಿ ಪಡೆಯದೆ ಒಯ್ದರೆ ಪೊಲೀಸ್ ಕೇಸ್ ಆಗಬಹುದು. ನಮ್ಮಲ್ಲಿ ಮಂಡಿ ನೋವಿಗೆ ಬರೆದುಕೊಡುವ ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ ಇದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಕೊಡೀನ್ ಇರುತ್ತದೆ.

ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದ ಇನ್ನೊಂದಿದೆ, ಪ್ರಿಗಾಬಲಿನ್. ಶುಗರ್ ಇರುವವರಿಗೆ ಅಂಗಾಲು ಉರಿ ಅಂದರೆ ಡಾಕ್ಟರ್ ಬರೆಯುವ ಮಾತ್ರೆ. ಎಷ್ಟೋ ಸಲ ಇದನ್ನು ಬಿ12 ಜೊತೆ ಸೇರಿಸಿ ಒಂದೇ ಕ್ಯಾಪ್ಸೂಲ್ ಮಾಡಿರುತ್ತಾರೆ. ಮನೆಯವರು ಅದನ್ನು ನರದ ವಿಟಮಿನ್ ಅಂತಲೇ ಕರೆಯುತ್ತಾರೆ. ಅದೂ ಅಲ್ಲಿ ನಿಯಂತ್ರಿತ ಪಟ್ಟಿಯಲ್ಲಿದೆ. ಅಪ್ಪನ ಡಬ್ಬಿಯಲ್ಲಿ ಇದು ಇತ್ತು, ಟ್ರಮಡಾಲೂ ಇತ್ತು.

ಎರಡನ್ನೂ ತೆಗೆದುಕೊಂಡು ಡಾಕ್ಟರ್ ಹತ್ತಿರ ಹೋದೆವು. ಟ್ರಮಡಾಲ್ ಬದಲು ಬೇರೆ ನೋವಿನ ಮಾತ್ರೆ ಕೊಟ್ಟರು. ಪ್ರಿಗಾಬಲಿನ್ ಮಾತ್ರ ತಟ್ಟನೆ ನಿಲ್ಲಿಸಬಾರದು ಅಂದರು. ಹಾಗಾಗಿ ಅದಕ್ಕೆ ಅಲ್ಲಿನ ಆರೋಗ್ಯ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿದೆವು. ಡಾಕ್ಟರ್ ಚೀಟಿ, ಕಾಯಿಲೆಯ ವರದಿ, ಪಾಸ್‌ಪೋರ್ಟ್ ಪ್ರತಿ ಕೊಟ್ಟೆವು. ಬಂದ ಅನುಮತಿ ಪತ್ರವನ್ನು ಪ್ರಿಂಟ್ ಮಾಡಿಸಿ ಪಾಸ್‌ಪೋರ್ಟ್ ಜೊತೆಗೇ ಇಟ್ಟೆವು. ಟಿಕೆಟ್ ಆದ ಕೂಡಲೇ ಈ ಕೆಲಸ ಶುರು ಮಾಡಿ. ಏನಾದರೂ ಕಾಗದ ಸಾಲದು ಅಂದರೆ ಮತ್ತೆ ಡಾಕ್ಟರ್ ಹತ್ತಿರ ಓಡಬೇಕಾಗುತ್ತದೆ. ಪಟ್ಟಿ ಆಗಾಗ ಬದಲಾಗುತ್ತದೆ. ಹೋದ ವರ್ಷ ಹೋಗಿಬಂದವರ ಮಾತು ನಂಬಿ ಕೂರಬೇಡಿ.

ಅನುಮತಿ ಬೇಡದ ಮಾತ್ರೆಗಳಿಗೂ ಡಾಕ್ಟರ್ ಪತ್ರ ಇರಲಿ. ಲೆಟರ್‌ಹೆಡ್ ಮೇಲೆ, ಇಂಗ್ಲಿಷಿನಲ್ಲಿ, ಟೈಪ್ ಮಾಡಿಸಿದ್ದು. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು, ಕಾಯಿಲೆ, ಔಷಧಿಯ ಮೂಲ ಹೆಸರು, ದಿನಕ್ಕೆ ಎಷ್ಟು ಅನ್ನುವುದು, ಸಹಿ, ಸೀಲು, ನೋಂದಣಿ ಸಂಖ್ಯೆ. ಡಾಕ್ಟರ ಕೈಬರಹ ನಮಗೇ ಓದಲು ಕಷ್ಟ, ಕಸ್ಟಮ್ಸ್‌ನವರು ಹೇಗೆ ಓದಬೇಕು?

ಮೆಡಿಕಲ್ ಸ್ಟೋರ್‌ನಲ್ಲಿ ಶೀಟನ್ನು ಕತ್ತರಿಸಿ ಆರು, ಎಂಟು ಮಾತ್ರೆ ಕೊಡುತ್ತಾರಲ್ಲ, ಅದು ಬೇಡ. ಹೆಸರು, ಎಕ್ಸ್‌ಪೈರಿ ಎರಡೂ ಕತ್ತರಿಸಿ ಹೋಗಿರುತ್ತವೆ. ಪೂರ್ತಿ ಶೀಟು ಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ವಾರದ ಮಾತ್ರೆ ಡಬ್ಬಿಯನ್ನು ಖಾಲಿ ಒಯ್ದು ಅಲ್ಲಿ ತುಂಬಿಸಿ. ಹೆಸರಿಲ್ಲದ ಚೂರ್ಣ, ಹೋಮಿಯೋಪತಿ ಗುಳಿಗೆ ಮನೆಯಲ್ಲೇ ಇರಲಿ.

ಎಲ್ಲ ಔಷಧಿಯೂ ಕೈಚೀಲದಲ್ಲೇ ಇರಬೇಕು. ಸೂಟ್‌ಕೇಸ್ ತಡವಾಗಿ ಬಂದರೆ ಒಂದು ಹೊತ್ತಿನ ಮಾತ್ರೆಯೂ ಸಿಗುವುದಿಲ್ಲ. ಇನ್ಸುಲಿನ್ ಅಂತೂ ಚೆಕ್-ಇನ್ ಲಗೇಜಿಗೆ ಹಾಕಲೇಬೇಡಿ. ಅಲ್ಲಿ ಚಳಿಗೆ ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬಳಸುವ ಹಾಗಿಲ್ಲ. ಐಸ್ ಪ್ಯಾಕ್ ಇಟ್ಟರೆ ನಡುವೆ ಟವೆಲ್ ಸುತ್ತಿ. ಸೂಜಿ ಇದೆ ಅಂತ ಸೆಕ್ಯೂರಿಟಿಯಲ್ಲಿ ಅವರು ಕೇಳುವ ಮುಂಚೆ ನೀವೇ ಹೇಳಿ, ಚೀಟಿ ತೋರಿಸಿ.

ದುಬೈನಲ್ಲಿ ಇಳಿದ ಮೇಲೆ ಅನುಮತಿ ಪತ್ರ ಇದೆ ಅಂತ ಕಸ್ಟಮ್ಸ್‌ನಲ್ಲಿ ನಾವೇ ಹೇಳಿದೆವು. ಅಧಿಕಾರಿ ಪತ್ರಕ್ಕೂ ಶೀಟಿಗೂ ಹೆಸರು ತಾಳೆ ನೋಡಿ ಕಳಿಸಿದರು.

ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ಅಮ್ಮಂದಿರ ಲೆಕ್ಕ ಬೇರೆ. ಅಲ್ಲಿಗೆ ಸಾಮಾನ್ಯವಾಗಿ 90 ದಿನದ ಔಷಧಿ ಒಯ್ಯಬಹುದು. ಇರುವುದು ಆರು ತಿಂಗಳಾದರೆ ಉಳಿದದ್ದನ್ನು ಆಮೇಲೆ ಕೊರಿಯರ್‌ನಲ್ಲಿ ಕಳಿಸಲು ಅವಕಾಶವಿದೆ. ಪಾರ್ಸೆಲ್ ಒಳಗೆ ವೀಸಾ, ಪಾಸ್‌ಪೋರ್ಟ್ ಪ್ರತಿ, ಡಾಕ್ಟರ್ ಪತ್ರ, ಇಂಗ್ಲಿಷ್ ಚೀಟಿ ಇರಬೇಕು.

ಇನ್ನು ಪೊಟ್ಟಣದ ವಿಷಯ. ಹೊರಡುವ ಹಿಂದಿನ ದಿನ ಯಾರೋ ಬಂದು, 'ನಮ್ಮ ಹುಡುಗನಿಗೆ ಈ ಮಾತ್ರೆ ಕೊಟ್ಟುಬಿಡಿ, ಏರ್‌ಪೋರ್ಟಿಗೇ ಬರ್ತಾನೆ' ಅನ್ನುತ್ತಾರೆ. ನಮ್ಮ ಹಿರಿಯರಿಗೆ ಇಲ್ಲ ಅನ್ನಲು ಸಂಕೋಚ. ಚೀಟಿಯಲ್ಲಿ ಒಬ್ಬರ ಹೆಸರು, ಚೀಲ ಇನ್ನೊಬ್ಬರದು ಅಂದರೆ ಸಿಕ್ಕಿಬೀಳುವುದು ಚೀಲ ಹಿಡಿದವರು. ಅಪ್ಪ, ಅಮ್ಮನ ಪರವಾಗಿ ನೀವೇ ಮುಂದೆ ನಿಂತು ಬೇಡ ಅನ್ನಿ. ದುಬೈನಲ್ಲಿ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಆರೋಗ್ಯ ವಿಮೆ ಇರುತ್ತದೆ. ಆ ಹುಡುಗ ಅಲ್ಲಿನ ಡಾಕ್ಟರಿಗೇ ತೋರಿಸಲಿ.

ಔಷಧಿ ಅಲ್ಲದಿದ್ದರೂ ಇದೇ ಕಾನೂನಿಗೆ ಸಿಗುವ ಒಂದು ಸಾಮಾನು ನಮ್ಮ ಅಡುಗೆಮನೆಯಲ್ಲಿದೆ, ಗಸಗಸೆ. ಅಫೀಮಿನ ಗಿಡದ ಬೀಜ ಅನ್ನುವ ಕಾರಣಕ್ಕೆ ಯು.ಎ.ಇ.ಯಲ್ಲಿ ನಿಷೇಧ ಇದೆ. ಪಾಯಸಕ್ಕೆ ಬೇಕು ಅಂತ ಅಮ್ಮ ಕಟ್ಟಿಟ್ಟ ಪೊಟ್ಟಣ ತೆಗೆಸಿದೆವು. ಬಿಸಿಬೇಳೆ ಬಾತ್ ಪುಡಿಗೂ ಎಷ್ಟೋ ಮನೆಗಳಲ್ಲಿ ಗಸಗಸೆ ಹಾಕುತ್ತಾರೆ. ಡಬ್ಬ ತುಂಬುವ ಮುಂಚೆ, ಪುಡಿ ಮಾಡಿದವರನ್ನು ಕೇಳಿಕೊಳ್ಳಿ.